ದೇವಿಯ ಆರಾಧನೆ ಮಾಟವಲ್ಲ, ಮಾಯಾವಿದ್ಯೆಯೂ ಅಲ್ಲ

ಮಾನ್ಯ ಸಂಪಾದಕರೇ,

ನವರಾತ್ರಿ ಹತ್ತಿರವಾಗುತ್ತಿದ್ದಂತೆ ಕಾಳಿ, ಮಾರಿ, ಚಾಮುಂಡಿಯರ ಪೂಜೆಯ ಬಗ್ಗೆ ವಿದೇಶಿಯರು ತಯಾರಿಸಿದ ದೃಶ್ಯಗಳು ಎಲ್ಲೆಡೆ ಹರಿದಾಡತೊಡಗುತ್ತವೆ. ಅವುಗಳಲ್ಲಿ ಕೆಲವು ಈ ಆರಾಧನೆಯನ್ನು ಭಯಂಕರವಾದ ಮಾಟವೆಂದು ತೋರಿಸಿದರೆ, ಇನ್ನು ಕೆಲವು ಅದನ್ನು ಗುಪ್ತಶಕ್ತಿಗಳನ್ನು ಎಬ್ಬಿಸುವ ನಿಗೂಢ ವಿದ್ಯೆಯೆಂದು ಕೊಂಡಾಡುತ್ತವೆ. ನನ್ನ ದೃಷ್ಟಿಯಲ್ಲಿ ಆ ಭಯಕ್ಕೂ ಈ ಬೆರಗಿಗೂ ಬೇರು ಒಂದೇ. ಎರಡೂ ಪೂಜಾಕ್ರಿಯೆಯನ್ನು ಅದನ್ನು ನಡೆಸುವ ಭಕ್ತರಿಂದಲೂ ಅದರ ಕಟ್ಟುಪಾಡುಗಳಿಂದಲೂ ಬಿಡಿಸಿ, ಬರಿಯ ನೋಟವಾಗಿ ಕಾಣುತ್ತವೆ.

ಭಯದ ಚರಿತ್ರೆ ಹಳೆಯದು. 16ನೆಯ ಶತಮಾನದ ಯುರೋಪಿನಲ್ಲಿ ಪ್ರೊಟೆಸ್ಟೆಂಟ್ ಸುಧಾರಕರು ಮೊದಲು ಕ್ಯಾಥೊಲಿಕರ ಪೂಜಾವಿಧಿಯನ್ನೇ ಮಾಟವೆಂದು ಹಳಿದಿದ್ದರು. ಅದೇ ಅಳತೆಗೋಲು ಮುಂದೆ ಮಿಷನರಿಗಳೊಂದಿಗೆ ನಮ್ಮ ಗುಡಿಗಳ ಬಾಗಿಲಿಗೂ ಬಂತು. 1830ರ ದಶಕದಲ್ಲಿ ಸ್ಲೀಮನ್ ಎಂಬ ಬ್ರಿಟಿಷ್ ಅಧಿಕಾರಿ ದಾರಿಯಲ್ಲಿ ಕೊಂದು ದೋಚುವವರೆನಿಸಿದ್ದ ಠಗ್ಗರನ್ನು ಹತ್ತಿಕ್ಕುವ ಕಾರ್ಯಾಚರಣೆ ನಡೆಸಿದಾಗ, ದಾರಿಹೋಕರ ಕೊಲೆಗಳ ಹಿಂದೆ ಭವಾನಿಯ ಆಜ್ಞೆಯಿದೆಯೆಂಬ ಕಥನ ಇಂಗ್ಲೆಂಡಿನ ಓದುಗರ ಮನಸ್ಸಿನಲ್ಲಿ ನೆಲೆಯೂರಿತು. ಅದನ್ನು 1839ರಲ್ಲಿ ಕಾದಂಬರಿಯಾಗಿಸಿ ಜನಪ್ರಿಯಗೊಳಿಸಿದವರು ಫಿಲಿಪ್ ಮೆಡೋಸ್ ಟೇಲರ್, ಅಂದರೆ ಮುಂದೆ ನಮ್ಮ ಸುರಪುರದ ಆಡಳಿತವನ್ನು ನೋಡಿಕೊಂಡ, ಅಲ್ಲಿನ ಟೇಲರ್ ಮಂಜಿಲ್ ಕಟ್ಟಡದಿಂದ ಇಂದಿಗೂ ನೆನಪಿನಲ್ಲಿರುವ ಅದೇ ಟೇಲರ್. 1984ರಲ್ಲಿ ತೆರೆಕಂಡ ಹಾಲಿವುಡ್‌ನ ಸಾಹಸಚಿತ್ರವೊಂದರಲ್ಲಿ ಕಾಳಿಯ ಪೂಜಾರಿ ಜೀವಂತ ಮನುಷ್ಯನ ಎದೆಯಿಂದ ಹೃದಯವನ್ನು ಕಿತ್ತು ತೆಗೆಯುವ ದೃಶ್ಯವಿತ್ತು. ಒಂದೂವರೆ ಶತಮಾನ ಕಳೆದಿದ್ದರೂ ಚಿತ್ರ ಬದಲಾಗಿರಲಿಲ್ಲ.

ಈ ಭಯಕ್ಕೆ ಶಾಸ್ತ್ರದ ರೂಪವನ್ನು ಕೊಟ್ಟವರಲ್ಲಿ ಮಾನವಶಾಸ್ತ್ರಜ್ಞ ಜೇಮ್ಸ್ ಫ್ರೇಜರ್ ಪ್ರಮುಖರು. ಮಾಟ ಶಕ್ತಿಗಳಿಗೆ ಆಜ್ಞಾಪಿಸುತ್ತದೆ, ಧರ್ಮ ದೇವರಲ್ಲಿ ಬೇಡಿಕೊಳ್ಳುತ್ತದೆ ಎಂದು ಅವರು ವಿಂಗಡಿಸಿದರು. ನಮ್ಮ ಮನೆಗಳಲ್ಲಿ ನಡೆಯುವ ಸಾಮಾನ್ಯ ದೇವೀಪೂಜೆಯನ್ನು ಆರಂಭದಿಂದ ಕೊನೆಯವರೆಗೆ ಕುಳಿತು ನೋಡಿದವರಿಗೆ ಈ ವಿಂಗಡಣೆ ನಿಲ್ಲುವುದಿಲ್ಲವೆಂಬುದು ತಿಳಿಯುತ್ತದೆ. ಕಲಶದಲ್ಲಿ ದೇವಿಯನ್ನು ಆವಾಹನೆ ಮಾಡಿ ಪ್ರಾಣಪ್ರತಿಷ್ಠೆ ನಡೆಸುವಾಗ ಆಡುವ ಮಾತು ಹೊರಗಿನವರಿಗೆ ಆಜ್ಞೆಯಂತೆಯೇ ಕೇಳಬಹುದು. ಆದರೆ ಅದೇ ಪೂಜೆಯ ಕೊನೆಗೆ ಅದೇ ವ್ಯಕ್ತಿ ‘ಆವಾಹನಂ ನ ಜಾನಾಮಿ, ನ ಜಾನಾಮಿ ವಿಸರ್ಜನಂ’ ಎಂದು ಕೈಮುಗಿಯುತ್ತಾನೆ. ಕರೆಯುವುದನ್ನೂ ಅರಿಯೆ, ಕಳುಹಿಸಿಕೊಡುವುದನ್ನೂ ಅರಿಯೆ, ಪೂಜೆಯನ್ನೂ ಅರಿಯೆ, ತಾಯಿ, ಕ್ಷಮಿಸು ಎಂದು ಕೇಳುವವನನ್ನು ಶಕ್ತಿಗಳ ಮೇಲೆ ಅಧಿಕಾರ ನಡೆಸುವ ಮಾಂತ್ರಿಕನೆನ್ನುವುದು ಹೇಗೆ? ನ್ಯಾಸವೂ ಹಾಗೆಯೇ. ಉಪಾಸಕನು ಮಂತ್ರಾಕ್ಷರಗಳನ್ನು ತನ್ನ ಬೆರಳು, ಹೃದಯ, ಶಿರಸ್ಸುಗಳಲ್ಲಿ ಇರಿಸಿಕೊಂಡು ಪೂಜೆಗೆ ಯೋಗ್ಯನಾಗಲು ತನ್ನನ್ನೇ ಸಿದ್ಧಗೊಳಿಸಿಕೊಳ್ಳುತ್ತಾನೆ. ಅಲ್ಲಿ ಬದಲಾಗಬೇಕಾದದ್ದು ಆತನೇ ಹೊರತು ಇತರರ ಬದುಕಲ್ಲ.

ಬೆರಗಿನ ದಾರಿ ಬೇರೆಯದು. ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ಜಾನ್ ವುಡ್ರೋಫ್ ಅವರು ಬಂಗಾಳಿ ಪಂಡಿತರ ನೆರವಿನಿಂದ ತಂತ್ರಗ್ರಂಥಗಳನ್ನು ಇಂಗ್ಲಿಷಿಗೆ ತಂದು, ಅವುಗಳಿಗೆ ಅಂಟಿದ್ದ ಕಳಂಕವನ್ನು ತೊಳೆಯಲು ಶ್ರಮಿಸಿದರು. ಅವರ ಉಪಕಾರವನ್ನು ಮರೆಯಲಾಗದು. ಆದರೆ 1960ರ ದಶಕದಿಂದೀಚೆಗೆ ಪಶ್ಚಿಮದ ಮಾರುಕಟ್ಟೆ ಈ ವಿದ್ಯೆಯಿಂದ ದೇಹಸುಖವನ್ನೂ ಸಿದ್ಧಿಯನ್ನೂ ಮಾತ್ರ ಆರಿಸಿಕೊಂಡಿತು. ಹೊರಗಿನ ಚೌಕವಾದ ಭೂಪುರದಿಂದ ನಡುವಿನ ಬಿಂದುವಿನವರೆಗೆ ಒಂಬತ್ತು ಆವರಣಗಳನ್ನು ಒಂದೊಂದಾಗಿ ಪೂಜಿಸುತ್ತ ಸಾಗುವ ಶ್ರೀಚಕ್ರಾರ್ಚನೆಗೆ ಬೇಕಾದ ಗುರೂಪದೇಶ, ನಿಯಮ, ವರ್ಷಗಟ್ಟಲೆಯ ತಾಳ್ಮೆ ಇವಾವುವೂ ಅಲ್ಲಿ ಮಾರಾಟವಾಗಲಿಲ್ಲ. ಚಕ್ರದ ರೇಖೆಗಳು ಮಾತ್ರ ಅಂಗಿಗಳ ಮೇಲೆ ಅಚ್ಚಾದವು.

ನಮ್ಮಲ್ಲಿ ಎಲ್ಲವೂ ನಿರ್ಮಲವಾಗಿದೆಯೆಂದು ನಾನು ವಾದಿಸುತ್ತಿಲ್ಲ. ಇತರರನ್ನು ವಶಮಾಡಿಕೊಳ್ಳುವ, ನಿಶ್ಚಲಗೊಳಿಸುವ, ಓಡಿಸುವ, ಕೊಲ್ಲುವ ಕ್ರಿಯೆಗಳೆನಿಸಿದ ವಶೀಕರಣ, ಸ್ತಂಭನ, ಉಚ್ಚಾಟನ, ಮಾರಣಗಳ ವಿವರ ನಮ್ಮ ತಂತ್ರಗ್ರಂಥಗಳಲ್ಲೇ ಇದೆ, ಅವುಗಳ ಹೆಸರಿನಲ್ಲಿ ಬಡವರನ್ನು ಸುಲಿಯುವವರೂ ನಮ್ಮವರೇ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಲು 1982ರಲ್ಲಿ, ಅಮಾನವೀಯ ದುಷ್ಟ ಪದ್ಧತಿಗಳನ್ನು ತಡೆಯಲು 2017ರಲ್ಲಿ ಕರ್ನಾಟಕ ಕಾನೂನುಗಳನ್ನು ಮಾಡಬೇಕಾಯಿತು, ಮತ್ತು ಅವು ಅಗತ್ಯವಾಗಿದ್ದವು. ಶಿರಸಿಯ ಮಾರಿಕಾಂಬೆಯ ಜಾತ್ರೆಯಲ್ಲಿದ್ದ ಕೋಣನ ಬಲಿ 1930ರ ದಶಕದಲ್ಲಿ ಗಾಂಧೀಜಿಯವರ ಪ್ರಭಾವದಿಂದ ನಿಂತುಹೋಯಿತು. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಯಲ್ಲಿ ಜನರ ಭಕ್ತಿ ಮಾತ್ರ ಕುಗ್ಗಲಿಲ್ಲ. ಹಿಂಸೆ ಯಾವುದು, ಆರಾಧನೆ ಯಾವುದು ಎಂದು ಅಲ್ಲಿನ ಭಕ್ತರೇ ಬೇರ್ಪಡಿಸಿದರು. ದೇವಿಯನ್ನು ತಾಯಿಯೆಂದು ನಂಬಿದವರು ಮಾಡಿದ ಆ ವಿಮರ್ಶೆಗೂ, ಗುಡಿಯ ಹೊಸ್ತಿಲನ್ನೇ ದಾಟದವರು ಕೊಡುವ ತೀರ್ಪಿಗೂ ಬಹಳ ಅಂತರವಿದೆ.

ನೋವಿನ ಸಂಗತಿಯೆಂದರೆ, ಆ ಹೊರಗಿನ ಕಣ್ಣನ್ನು ನಾವೂ ಎರವಲು ಪಡೆದಿದ್ದೇವೆ. ಎಲ್ಲೋ ನಾಲ್ಕು ಹಾದಿ ಕೂಡುವಲ್ಲಿ ಕುಂಕುಮ ಬಳಿದ ನಿಂಬೆಹಣ್ಣು, ಒಡೆದ ಕುಂಬಳಕಾಯಿ ಕಂಡೊಡನೆ ನಮ್ಮ ಸುದ್ದಿವಾಹಿನಿಗಳು ಭೀತಿಯ ಸಂಗೀತವನ್ನು ಹಿನ್ನೆಲೆಗಿಟ್ಟು ವರದಿ ಮಾಡುತ್ತವೆ. ಅದು ದೃಷ್ಟಿ ನಿವಾಳಿಸಿದ್ದೋ, ಹರಕೆಯೋ, ನಿಜವಾಗಿಯೂ ಯಾರಿಗಾದರೂ ಕೇಡು ಬಯಸಿದ್ದೋ ಎಂದು ಊರಿನವರನ್ನು ಕೇಳುವ ವ್ಯವಧಾನ ಅವುಗಳಿಗಿರುವುದಿಲ್ಲ.

ತಮ್ಮ ಪತ್ರಿಕೆಯ ನವರಾತ್ರಿ ಪುರವಣಿಯಲ್ಲಿ ಈ ಸಲ ಊರಮಾರಿಯ ಪೂಜಾರಿಗಳು, ಕುಂಕುಮಾರ್ಚನೆ ನಡೆಸುವ ಮಹಿಳೆಯರು, ಶ್ರೀಚಕ್ರದಲ್ಲಿ ದೇವಿಯನ್ನು ಪೂಜಿಸುವ ಶ್ರೀವಿದ್ಯೆಯ ಉಪಾಸಕರು ತಾವು ಏನು ಮಾಡುತ್ತೇವೆ, ಏಕೆ ಮಾಡುತ್ತೇವೆ ಎಂಬುದನ್ನು ತಮ್ಮದೇ ಮಾತುಗಳಲ್ಲಿ ಹೇಳಲು ಕೆಲವು ಪುಟಗಳನ್ನು ಮೀಸಲಿಡಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗ