ನೈವಾಶಾದಿಂದ ಅಪ್ಪ, ಅಮ್ಮನಿಗೆ

ನೈವಾಶಾ, ಕೆನ್ಯಾ
ಫೆಬ್ರವರಿ 20

ಪ್ರೀತಿಯ ಅಪ್ಪ, ಅಮ್ಮ,

ಪ್ರೇಮಿಗಳ ದಿನದ ಗಡಿಬಿಡಿ ಮುಗಿಯಿತು. ಮೂರು ವಾರ ಸರಿಯಾಗಿ ನಿದ್ದೆ ಇರಲಿಲ್ಲ. ಅದಕ್ಕೇ ಫೋನ್ ಮಾಡಿದಾಗಲೆಲ್ಲ ಬೇಗ ಇಡುತ್ತಿದ್ದೆ, ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿ ಕೊಯ್ದ ಗುಲಾಬಿ ತಣ್ಣನೆಯ ಲಾರಿಯಲ್ಲಿ ನೈರೋಬಿಗೆ ಹೋಗಿ, ಅಲ್ಲಿಂದ ವಿಮಾನದಲ್ಲಿ ಹಾಲೆಂಡ್ ಸೇರುತ್ತದೆ. ದೊಡ್ಡಬಳ್ಳಾಪುರದಿಂದ ಹೆಬ್ಬಾಳದ ಹರಾಜಿಗೆ ನಾವು ಹೂ ಒಯ್ಯುತ್ತಿದ್ದೆವಲ್ಲ, ಅದೇ ಓಟ, ಅದೇ ಆತಂಕ.

ಅಪ್ಪ, "ಅಷ್ಟು ದೊಡ್ಡ ಕಂಪನಿಗಳು ಆ ಊರಿಗೆ ಏನಾದರೂ ಮಾಡ್ತಾವಾ?" ಅಂತ ಕೇಳಿದ್ದಿರಿ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು.

ನಮ್ಮ ದೇಶದಲ್ಲಿ 2013ರ ಕಂಪನಿ ಕಾಯ್ದೆ ಬಂದಮೇಲೆ ದೊಡ್ಡ ಕಂಪನಿಗಳು ಲಾಭದಲ್ಲಿ 2% ಸಮಾಜಕ್ಕೆ ಖರ್ಚು ಮಾಡಲೇಬೇಕು. ಆಫ್ರಿಕಾದಲ್ಲಿ ಮಾರಿಷಸ್ ಕೂಡ ಇಂಥ ಕಾನೂನು ಮಾಡಿದೆ. ಕೆನ್ಯಾದಲ್ಲಿ ಆ ಕಡ್ಡಾಯ ಇಲ್ಲ. ಆದರೂ ಇಲ್ಲಿ ಎಷ್ಟೋ ತೋಟಗಳು ಶಾಲೆ, ಆಸ್ಪತ್ರೆ ಕಟ್ಟಿಸಿವೆ. ನಾನು ಮೊದಲು ಲೆಕ್ಕ ಬರೆಯುತ್ತಿದ್ದ ತೋಟವೂ ಹಾಗೇ ಒಂದು ಶಾಲಾ ಕೊಠಡಿ ಕಟ್ಟಿಸಿತು. ಗೋಡೆ ಮೇಲೆ ದೊಡ್ಡದಾಗಿ ಕಂಪನಿ ಹೆಸರು, ಉದ್ಘಾಟನೆಗೆ ಶಾಮಿಯಾನ, ಫೋಟೊ. ಆದರೆ ಪಾಠ ಮಾಡಲು ಮೇಷ್ಟ್ರೇ ಬರಲಿಲ್ಲ. ಆರು ತಿಂಗಳು ಬೀಗ ಬಿದ್ದಿತ್ತು. ಪ್ಯಾಕಿಂಗ್ ಶೆಡ್ಡಿನ ಹೆಂಗಸರು ಆಗ ಕೇಳುತ್ತಿದ್ದದ್ದು ಬೇರೆಯೇ. ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೊರಡುವಾಗ ಎಳೆಕೂಸನ್ನು ಯಾರ ಹತ್ತಿರ ಬಿಡುವುದು ಅನ್ನುವುದು ಅವರ ಚಿಂತೆ. ಅವರನ್ನು ಯಾರೂ ಕೇಳಲಿಲ್ಲ. ಆ ಬಿಲ್ಲುಗಳನ್ನೆಲ್ಲ ಪಾಸ್ ಮಾಡಿದವನು ನಾನೇ. ನಾನೂ ಕೇಳಲಿಲ್ಲ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಈಗಿರುವ ತೋಟ ಫೇರ್‌ಟ್ರೇಡ್ ಪಟ್ಟಿಯಲ್ಲಿದೆ. ಅಂದರೆ ಬೆಳೆಯುವವರಿಗೂ ಕೆಲಸಗಾರರಿಗೂ ನ್ಯಾಯವಾದ ವ್ಯಾಪಾರ ಅಂತ ಮಾಲಿಗೆ ಹಾಕುವ ಗುರುತು. ಆ ಗುರುತಿನಡಿ ಮಾರಿದ ಹೂವಿಗೆ, ಕೊಳ್ಳುವವರು ಬೆಲೆಯ ಮೇಲೆ ಇನ್ನೂ 10% ಸೇರಿಸಿ ಕೊಡುತ್ತಾರೆ. ಆ ದುಡ್ಡು ಕಂಪನಿಯದ್ದಲ್ಲ, ಕೆಲಸಗಾರರದ್ದು. ಅದನ್ನು ಹೇಗೆ ಖರ್ಚು ಮಾಡಬೇಕು ಅಂತ ಅವರೇ ಆರಿಸಿದ ಸಮಿತಿ ಯೋಚಿಸುತ್ತದೆ. ಹೋದ ವರ್ಷ ಆ ಸಭೆಯಲ್ಲಿ ಕೂತಿದ್ದೆ. ಹುಡುಗರು ಬಸ್ಸು ಬೇಕು ಅಂದರು, ಹೆಂಗಸರು ಕೂಸಿನ ಮನೆ ಬೇಕು ಅಂದರು. ನಾಲ್ಕು ಗಂಟೆ ಸ್ವಾಹಿಲಿಯಲ್ಲಿ ಜಗಳವೋ ಜಗಳ! ಕೊನೆಗೆ ಕೈ ಎತ್ತಿಸಿದರು. ಕೂಸಿನ ಮನೆ ಗೆದ್ದಿತು. ಮ್ಯಾನೇಜರು ಸುಮ್ನೆ ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಿದ್ದರು. ಅದನ್ನು ನೋಡಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಹಾಗಂತ ಎಲ್ಲ ಸರಿಯಾಯಿತು ಅನ್ನುವುದಿಲ್ಲ. ಆ 10% ಕೊಡುವುದು ಕೊಳ್ಳುವವರು. ಕಂಪನಿ ತನ್ನ ಕೈಯಿಂದ ಕೊಡಬೇಕಾದದ್ದು ಕೂಲಿ. ಕೂಲಿ ಸಾಲದೆ ಜನ ಇಲ್ಲೇ ಕೆರೆ ಪಕ್ಕದ ಕರಗೀಟಾ ಅನ್ನುವ ಕೂಲಿಕಾರರ ಬಡಾವಣೆಯಲ್ಲಿ ತಗಡಿನ ಒಂದೊಂದೇ ಕೋಣೆಯಲ್ಲಿ ಸಂಸಾರ ಮಾಡುತ್ತಿದ್ದಾರೆ. ಮೊದಲು ಅದು ಸರಿಹೋಗಬೇಕು ಅಲ್ವಾ?

ಇನ್ನು ನೀರು. ಇಲ್ಲಿನ ನೈವಾಶಾ ಕೆರೆಯಿಂದ ಹೊರಗೆ ಹರಿಯುವ ಹೊಳೆ ಕಣ್ಣಿಗೆ ಕಾಣುವುದಿಲ್ಲ. ಅಂಥ ಕೆರೆ ಉಪ್ಪಾಗಬೇಕಿತ್ತು, ಆದರೂ ನೀರು ಸಿಹಿ. ಉಪ್ಪೆಲ್ಲ ನೀರಿನ ಜೊತೆ ನೆಲದೊಳಗೆ ಇಳಿದು ಹೋಗುತ್ತದಂತೆ. ಹೂತೋಟ, ಮೀನುಗಾರರು, ದನ ಸಾಕುವ ಮಾಸಾಯಿ ಜನರ ಮಂದೆ, ನೀರಾನೆ, ಎಲ್ಲಕ್ಕೂ ಇದೇ ಕೆರೆ. 2009ರ ಬರದಲ್ಲಿ ಕೆರೆ ತೀರಾ ಬತ್ತಿತು. ಮುಂದಿನ ವರ್ಷ ಮೀನು ರಾಶಿರಾಶಿ ಸತ್ತವು. ಕೆರೆಗೆ ನೀರು ಬರುವುದು ಜಾಸ್ತಿ ಮಲೇವಾ ಹೊಳೆಯಿಂದ. ಅದಕ್ಕೆ ಒಂದು ಒಳ್ಳೆ ಏರ್ಪಾಡು ಮಾಡಿದ್ದರು. ಮೇಲಿನ ಬೆಟ್ಟದ ಸಣ್ಣ ರೈತರು ಇಳಿಜಾರಿನಲ್ಲಿ ಹುಲ್ಲಿನ ಬದು ಹಾಕಿ, ಮರ ನೆಟ್ಟು, ಮಣ್ಣು ಕೊಚ್ಚಿಹೋಗದಂತೆ ನೋಡಿಕೊಳ್ಳಬೇಕು. ಅದಕ್ಕೆ ಕೆಳಗೆ ನೀರು ಬಳಸುವವರು ಅವರಿಗೆ ವರ್ಷವರ್ಷ ಕೂಪನ್ ಕೊಡಬೇಕು. ಮೊತ್ತ ಸಣ್ಣದೇ. ಆದರೆ ನಾವು ಬಳಸುವ ನೀರಿಗೆ ಮೇಲಿನವರ ಋಣ ಇದೆ ಅಂತ ಒಪ್ಪಿಕೊಂಡ ಹಾಗಾಯಿತು. ನಮ್ಮ ಬೋರು ಬತ್ತಿದಾಗ ಇನ್ನೂ ಆಳಕ್ಕೆ ಕೊರೆಸಿದೆವೇ ಹೊರತು, ಊರ ಕೆರೆಗೆ ನೀರು ತರುವ ಕಾಲುವೆ ಏನಾಯಿತು ಅಂತ ನೋಡಲಿಲ್ಲ. ಅಪ್ಪ, ಒಮ್ಮೆ ಅಲ್ಲಿಗೆ ಹೋಗಿ ನೋಡಿ ಬನ್ನಿ.

ಬೆಂಗಳೂರಿನ ಕರುತುರಿ ಕಂಪನಿ ವಿಷಯವನ್ನೂ ಕೇಳಿದ್ದಿರಿ. 2007ರಲ್ಲಿ ಅವರು ಇಲ್ಲಿನ ಬಹಳ ದೊಡ್ಡ ಗುಲಾಬಿ ತೋಟ ಕೊಂಡರು. ಸಾವಿರಾರು ಜನಕ್ಕೆ ಕೆಲಸ, ಆಸ್ಪತ್ರೆ, ಶಾಲೆ, ಫುಟ್‌ಬಾಲ್ ತಂಡ ಎಲ್ಲ ಇತ್ತು. 2014ರಲ್ಲಿ ಸಾಲದಿಂದಾಗಿ ತೋಟ ರಿಸೀವರ್ ಕೈಗೆ, ಅಂದರೆ ಸಾಲ ವಸೂಲಿಗೆ ನೇಮಿಸಿದವರ ಕೈಗೆ ಹೋಯಿತು. ಆಸ್ಪತ್ರೆಯೂ ಶಾಲೆಯೂ ಒಂದೇ ಕಂಪನಿಯ ದಾರಕ್ಕೆ ನೇತುಬಿದ್ದಿದ್ದರೆ ಊರಿಗೆ ಎಷ್ಟು ಭಯ, ಯೋಚಿಸಿ. ನಮ್ಮ ಊರಿನ ಕಂಪನಿ ಅಂತ ನನಗೆ ಇನ್ನೂ ಜಾಸ್ತಿ ಸಂಕಟ.

ಅಮ್ಮ, ನಿನಗೊಂದು ಕೆಲಸ ಇದೆ. ಕೂಸಿನ ಮನೆ ಜನವರಿಯಲ್ಲಿ ಶುರುವಾಯಿತು. ಮಕ್ಕಳಿಗೆ ಬೆಳಿಗ್ಗೆ ರಾಗಿ ಗಂಜಿ. ಇಲ್ಲಿ ರಾಗಿಗೆ ವಿಂಬಿ, ಗಂಜಿಗೆ ಊಜಿ ಅನ್ನುತ್ತಾರೆ. ನಮ್ಮ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆಯಂತೆ, ಗೊತ್ತಾ? ನೀನು ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಮಾಡುವ ಹಿಟ್ಟಿನ ಬಗ್ಗೆ ನಾನು ಹೇಳಿದ್ದಕ್ಕೆ, ಅಡುಗೆ ಮಾಡುವ ಹೆಂಗಸು ದಿನಾ ಕೇಳುತ್ತಿದ್ದಾಳೆ. ಎಷ್ಟು ಹೊತ್ತು ನೆನೆಸಬೇಕು, ಎಷ್ಟು ಹುರಿಯಬೇಕು, ಎಲ್ಲ ಬಿಡಿಸಿ ಬರೆದು ಕಳಿಸು. ಮೂವತ್ತು ಮಕ್ಕಳಿಗೆ ಆಗುವ ಅಳತೆ ಬೇಕು.

ನಿಮ್ಮ ಮಗ