ಎಲಿಜಬೆತ್ ಫಾರ್ಮ್ ಸಂಜೆ ಪ್ರವಾಸ: ವೇಳೆಯ ಬದಲಾವಣೆ ಕುರಿತು ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಸಿಡ್ನಿಯ ಪ್ಯಾರಮಟ್ಟಾಗೆ ಹೊಂದಿಕೊಂಡ ರೋಸ್‌ಹಿಲ್‌ನಲ್ಲಿರುವ ಎಲಿಜಬೆತ್ ಫಾರ್ಮ್ ವಸ್ತುಸಂಗ್ರಹಾಲಯಕ್ಕೆ ನಾವು ಕನ್ನಡದಲ್ಲಿ ನಡೆಸುತ್ತಿರುವ ಸಂಜೆಯ ಪ್ರವಾಸವು ಇಲ್ಲಿಯವರೆಗೆ ವರ್ಷವಿಡೀ ಏಳು ಗಂಟೆಗೇ ಆರಂಭವಾಗುತ್ತಿತ್ತು. ಮುಂದಿನ ತಿಂಗಳ ಮೊದಲ ಶನಿವಾರದಿಂದ ಅದು ಆಯಾ ದಿನದ ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲು ಆರಂಭವಾಗಲಿದೆ. ಒಂದು ತಂಡದಲ್ಲಿ ಇಪ್ಪತ್ತರ ಬದಲು ಹನ್ನೆರಡು ಜನರಿರುತ್ತಾರೆ. ಶುಲ್ಕದಲ್ಲಿ ಬದಲಾವಣೆಯಿಲ್ಲ.

ಜೂನ್ ತಿಂಗಳಲ್ಲಿ ಇಲ್ಲಿ ಐದು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಡಿಸೆಂಬರ್‌ನಲ್ಲಿ, ಬೇಸಿಗೆಗಾಗಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿರುವುದರಿಂದ, ಎಂಟರವರೆಗೂ ಬೆಳಕಿರುತ್ತದೆ. ಹೀಗಾಗಿ ಒಂದೇ ಹೆಸರಿನಲ್ಲಿ ನಾವು ಚಳಿಗಾಲದವರಿಗೆ ಕಗ್ಗತ್ತಲೆಯನ್ನೂ ಬೇಸಿಗೆಯವರಿಗೆ ಬಿಸಿಲನ್ನೂ ತೋರಿಸುತ್ತಿದ್ದೆವು. ಸಂಜೆಯನ್ನು ಮಾತ್ರ ಇಬ್ಬರಿಗೂ ತೋರಿಸಲಿಲ್ಲ. ಕಳೆದ ಚಳಿಗಾಲದಲ್ಲಿ ಹಿರಿಯರೊಬ್ಬರು ವರಾಂಡದ ಕಲ್ಲುಹಾಸಿನ ಮೇಲೆ ಎಡವಿದಾಗ, ಈ ವೇಳಾಪಟ್ಟಿಯನ್ನು ಇನ್ನು ಮುಂದುವರಿಸಬಾರದೆಂದು ನಿರ್ಧರಿಸಿದೆವು. ಅವರಿಗೆ ಪೆಟ್ಟಾಗಲಿಲ್ಲವೆಂಬುದು ನಮ್ಮ ಪುಣ್ಯ.

ಈ ಮನೆಯನ್ನು ನೋಡಲು ಬೆಳಕು ಬೇಕೇ ಬೇಕು. ಬ್ರಿಟಿಷ್ ಸೇನಾಧಿಕಾರಿ ಜಾನ್ ಮೆಕಾರ್ಥರ್ 1793ರಲ್ಲಿ ಕಟ್ಟಿಸಿ ಪತ್ನಿಯ ಹೆಸರಿಟ್ಟ ಇಟ್ಟಿಗೆಯ ಮನೆ 68 ಅಡಿ ಉದ್ದ, 18 ಅಡಿ ಅಗಲದ್ದು. ಮುಂದಿನ ದಶಕಗಳಲ್ಲಿ ಅದನ್ನು ವಿಸ್ತರಿಸಿದರೂ ಮೊದಲ ಮನೆಯ ಭಾಗಗಳು ಒಳಗೆ ಉಳಿದಿವೆ. ಆಸ್ಟ್ರೇಲಿಯಾದಲ್ಲಿ ಯುರೋಪಿಯನ್ನರು ಕಟ್ಟಿ ಇಂದಿಗೂ ನಿಂತಿರುವ ಕಟ್ಟಡಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಪರಿಗಣಿಸಲಾಗಿದೆ. ಇಳಿಜಾರು ಮಾಡಿನ ಕೆಳಗಿನ ಆ ವರಾಂಡವನ್ನು ಕಂಡಾಗ ಊರಿನಿಂದ ಬಂದ ಅಪ್ಪ ಅಮ್ಮಂದಿರು 'ನಮ್ಮ ಜಗಲಿಯೇ' ಎನ್ನುವುದುಂಟು. ಅದು ಬರೀ ಹೋಲಿಕೆಯಲ್ಲ, ವರಾಂಡ ಎಂಬ ಮಾತು ಇಂಗ್ಲಿಷಿಗೆ ಸೇರಿದ್ದು ಭಾರತದಿಂದಲೇ. ಪೀಠೋಪಕರಣಗಳು ಬಹುಪಾಲು ಪ್ರತಿಕೃತಿಗಳಾದ ಕಾರಣ ಇಲ್ಲಿ ಹಗ್ಗದ ಅಡ್ಡಗಟ್ಟುಗಳಿಲ್ಲ. ಕುರ್ಚಿಯಲ್ಲಿ ಕೂರಬಹುದು, ಮೇಜನ್ನು ಮುಟ್ಟಬಹುದು. ಕೂತಲ್ಲೇ ಕೋಣೆಯ ಬೆಳಕು ನಿಧಾನವಾಗಿ ಕುಂದುವುದನ್ನು ನೋಡಿದರೆ, ವಿದ್ಯುತ್ತಿಲ್ಲದ ಕಾಲದಲ್ಲಿ ಆ ಮನೆಯವರ ದಿನ ಹೇಗೆ ಮುಗಿಯುತ್ತಿತ್ತೆಂಬುದು ನಮ್ಮ ವಿವರಣೆಯಿಲ್ಲದೆಯೇ ತಿಳಿಯುತ್ತದೆ.

ಹೇಳುವ ಕಥೆಯನ್ನೂ ತಿದ್ದಿಕೊಂಡಿದ್ದೇವೆ. ಕತ್ತಲೆಗೆ ಒಪ್ಪುತ್ತದೆಂದು ಸೇರಿಸಿದ್ದ ದೆವ್ವದ ಕಥೆಗಳಿಗೆ ಯಾವ ಆಧಾರವೂ ಇರಲಿಲ್ಲ, ಅವನ್ನು ಕೈಬಿಟ್ಟಿದ್ದೇವೆ. ಇನ್ನು ಮುಂದೆ ಪ್ರವಾಸವು ಮನೆಯೊಳಗಲ್ಲ, ತೋಟದಲ್ಲಿ, ಈ ನೆಲದ ಮೂಲನಿವಾಸಿಗಳಾದ ಧಾರುಗ್ ಜನರ ಕುರಿತ ಮಾತಿನಿಂದ ಆರಂಭವಾಗುತ್ತದೆ. ಪ್ಯಾರಮಟ್ಟಾ ಎಂಬ ಹೆಸರು ಅವರ ನುಡಿಯದು, ಹಾವುಮೀನುಗಳಿರುವ ಜಾಗವೆಂಬ ಅರ್ಥ ಅದಕ್ಕಿದೆ. 1808ರ ದಂಗೆಯಲ್ಲಿ ಈ ವಸಾಹತಿನ ಬ್ರಿಟಿಷ್ ಗವರ್ನರ್ ಬ್ಲೈ ಅವರನ್ನು ಪದಚ್ಯುತಗೊಳಿಸಿದವರ ಜತೆಗಿದ್ದ ಮೆಕಾರ್ಥರ್ 1809ರಿಂದ 1817ರವರೆಗೆ ಇಂಗ್ಲೆಂಡಿನಲ್ಲೇ ಉಳಿಯಬೇಕಾಗಿ ಬಂದಾಗ, ಕುರಿಮಂದೆ ಮತ್ತು ಉಣ್ಣೆಯ ವ್ಯವಹಾರವನ್ನು ನಡೆಸಿದವರು ಎಲಿಜಬೆತ್. ದುಡಿದವರಲ್ಲಿ ಅನೇಕರು ಬ್ರಿಟನ್ನಿನಿಂದ ಗಡೀಪಾರಾಗಿ ಬಂದ ಕೈದಿಗಳು. ಅಡುಗೆಮನೆಯಲ್ಲಿ ನಿಂತು ಅವರ ವಿಷಯವನ್ನು ಹೇಳದೆ ಊಟದ ಕೋಣೆಯ ವೈಭವವನ್ನಷ್ಟೇ ಬಣ್ಣಿಸುತ್ತಿದ್ದದ್ದು ನಮ್ಮ ತಪ್ಪು.

ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಬರುವುದು ಮಕ್ಕಳ ಶನಿವಾರದ ತರಗತಿಗಳಿರುವ ಕುಟುಂಬಗಳಿಗೆ ಕಷ್ಟವಾಗಬಹುದೆಂಬ ಅರಿವು ನಮಗಿದೆ. ಅಂಥವರು ಸೆಪ್ಟೆಂಬರ್ ನಂತರದ ದಿನಗಳನ್ನು ಆರಿಸಿಕೊಳ್ಳಬೇಕೆಂದು ವಿನಂತಿ. ಈಗಾಗಲೇ ಮುಂಗಡ ಕಾಯ್ದಿರಿಸಿರುವವರು ಹೊಸ ವೇಳೆಯನ್ನು ಒಪ್ಪಬಹುದು, ದಿನ ಬದಲಿಸಿಕೊಳ್ಳಬಹುದು, ಇಲ್ಲವೇ ಪೂರ್ತಿ ಹಣವನ್ನು ಹಿಂದೆ ಪಡೆಯಬಹುದು. ಟಿಕೆಟ್ ಬಂದ ಸಂದೇಶಕ್ಕೇ ಉತ್ತರಿಸಿದರೆ ಸಾಕು. ಪ್ರವಾಸ ಮುಗಿದ ಬಳಿಕ ಎಂದಿನಂತೆ ಭಾರತೀಯ ಹೋಟೆಲುಗಳಿರುವ ಹ್ಯಾರಿಸ್ ಪಾರ್ಕ್‌ನ ವಿಗ್ರಾಮ್ ಬೀದಿಯವರೆಗೆ ಜತೆಯಾಗಿ ನಡೆದು ಬರುತ್ತೇವೆ. ಊಟದ ಹೊತ್ತಿಗೆ ಅಲ್ಲಿರುತ್ತೀರಿ.

ಇಂತಿ ತಮ್ಮ ವಿಶ್ವಾಸಿಗಳು,
ಪ್ರವಾಸ ಸಂಚಾಲಕರು