ಭಾನುವಾರದ ಮಾತುಕತೆ: ವಿಷಯ ಬದಲಾಗಿದೆ, ಗಮನಿಸಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 6ಕ್ಕೆ ನಮ್ಮ ತಿಂಗಳ ಆನ್‌ಲೈನ್ ಮಾತುಕತೆ. ಹನಿ ನೀರಾವರಿ ಮುಂದಿನ ತಿಂಗಳಿಗೆ ಹೋಯ್ತು. ಈ ಸಲ ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೋ ದೇಶದ ‘ಜಾಯ್’ ಗುಂಡಿಗಳು, ಅಂದ್ರೆ ಗಟ್ಟಿ ಬಿದ್ದ ನೆಲದಲ್ಲಿ ಬೆಳೆ ತೆಗೆಯೋ ಪದ್ಧತಿ.

ಇಷ್ಟು ತಿಳ್ಕೊಂಡು ಬನ್ನಿ. ಬರದಿಂದ ಆ ದೇಶದ ಯಾತೆಂಗಾ ಸೀಮೆಯ ನೆಲ ಕಲ್ಲಿನಂತಾಗಿ ಜನ ಊರು ಬಿಡುತ್ತಿದ್ದ ಕಾಲ. 1980ರ ಆಸುಪಾಸಿನಲ್ಲಿ ಯಾಕುಬಾ ಸಾವಾಡೋಗೋ ಎಂಬ ರೈತ ಅಲ್ಲಿನ ಹಳೇ ಪದ್ಧತಿಯನ್ನೇ ತಿದ್ದಿಕೊಂಡರು. ಬೇಸಿಗೆಯಲ್ಲೇ ಗೇಣಗಲದ ಗುಂಡಿ ತೋಡಿ, ಒಳಗೊಂದಿಷ್ಟು ಗೊಬ್ಬರ. ಅದಕ್ಕೆ ಗೆದ್ದಲು ಬರುತ್ತೆ. ನಾವಾದ್ರೆ ಗೆದ್ದಲು ಕಂಡ ಕೂಡಲೇ ಔಷಧಿ ಅಂಗಡಿಗೆ ಓಡ್ತೀವಿ. ಅಲ್ಲಿ ಅದೇ ಸಂಬಳವಿಲ್ಲದ ಆಳು! ಅದು ಕೊರೆದ ತೂತುಗಳಲ್ಲಿ ಮಳೆನೀರು ಇಳಿಯುತ್ತೆ, ಜೋಳ, ಸಜ್ಜೆ ಏಳುತ್ತೆ. ಗುಂಡಿಯಲ್ಲೇ ಮರದ ಬೀಜವನ್ನೂ ಹಾಕುತ್ತಾ ಕೊನೆಗೆ ಕಾಡನ್ನೇ ಎಬ್ಬಿಸಿದರು. ಮೊದಮೊದಲು ಊರವರು ಹುಚ್ಚ ಅಂದಿದ್ದರಂತೆ. 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, 2023ರಲ್ಲಿ ತೀರಿಕೊಂಡರು.

ಸಮಯ ಉಳಿದ್ರೆ ಪಕ್ಕದ ನೈಜರ್: ಸಸಿ ನೆಡದೆ, ಹಳೇ ಬೊಡ್ಡೆಯ ಚಿಗುರನ್ನೇ ಸವರಿ ಮರ ಮಾಡಿದ ಮರಾಡಿ ಭಾಗದ ರೈತರು.

ಬರೋರು ಶುಕ್ರವಾರದೊಳಗೆ ಇಲ್ಲೇ ‘ಬರ್ತೀನಿ’ ಅಂತ ಹಾಕಿ, ಲಿಂಕ್ ಶನಿವಾರ ರಾತ್ರಿ ಬರುತ್ತೆ. ಗಟ್ಟಿ ಬಿದ್ದ ಬರಡು ಜಾಗ ಇದ್ದವರು ಒಂದು ಫೋಟೋ ಕಳಿಸಿ. ಮರಳು ಮಣ್ಣಿನವರು ಬೇಜಾರಾಗ್ಬೇಡಿ, ಗುಂಡಿ ಮುಚ್ಚಿಹೋಗುತ್ತೆ, ಈ ಪದ್ಧತಿ ನಿಮಗಲ್ಲ. ಗೊಬ್ಬರ ಎಲ್ಲಿಂದ ತರೋದು ಅನ್ನೋ ಪ್ರಶ್ನೆ ಹೇಗೂ ಬರುತ್ತೆ. ಕುರಿ ಇರೋರು ತಪ್ಪದೆ ಬನ್ನಿ.

ಶನಿವಾರ ಗುಡ್ ಮಾರ್ನಿಂಗ್ ಚಿತ್ರ ದಯವಿಟ್ಟು ಬೇಡ, ಲಿಂಕ್ ಮೇಲಕ್ಕೆ ಹೋಗ್ಬಿಡುತ್ತೆ.